ಎರಡನೇ ಕೆರೆಯ ಹತ್ತಿರ ಕಾದಿರು

ಏಪ್ರಿಲ್ 28

ಮಗಳೇ,

ನಾವಿಲ್ಲಿ ಕ್ಷೇಮ. ಲಿಫ್ಟ್ ಮಾತ್ರ ಕ್ಷೇಮವಾಗಿಲ್ಲ. ಹೋದ ವಾರ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಐದನೇ ಮಹಡಿಯ ವಕೀಲರು, ಅವರ ಎದುರು ಪಕ್ಷದ ವಕೀಲರು, ಮತ್ತು ಲಿಫ್ಟ್ ನಡೆಸುವ ನಾನು. ಮೆಕ್ಯಾನಿಕ್ ಬಂದು ಬಿಡಿಸುವಷ್ಟರಲ್ಲಿ ಅವರಿಬ್ಬರೂ ಬೆವರು ಒರೆಸಿಕೊಳ್ಳುತ್ತಾ ಕೇಸನ್ನೇ ರಾಜಿ ಮಾಡಿಕೊಂಡುಬಿಟ್ಟಿದ್ದರು. ಈಗ ಕಕ್ಷಿದಾರರು ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ, ವಕೀಲರು ಮುಖ ತಿರುಗಿಸುತ್ತಾರೆ.

ಕಟ್ಟಡದ ಮಾಲೀಕರು ಹೊಸ ಲಿಫ್ಟ್ ಹಾಕಿಸುತ್ತಾರಂತೆ. ಜನರೇ ಬಟನ್ ಒತ್ತಿಕೊಂಡು ಹೋಗುವಂಥದ್ದು. ಜನರ ಕೈಗೆ ಬಟನ್ ಕೊಟ್ಟರೆ ಉಳಿಗಾಲವುಂಟೇ? ಎರಡನೇ ಮಹಡಿಯ ಹಲ್ಲಿನ ಡಾಕ್ಟರ ಬಳಿ ಬರುವವರನ್ನೇ ನೋಡು. ನಾನು ಊಟಕ್ಕೆ ಹೋದಾಗ ಮೆಟ್ಟಿಲು ಹತ್ತುತ್ತಾರೆ. ನೆಲದಿಂದಲೇ ಒಂದು, ಎರಡು ಎಂದು ಎಣಿಸಿಕೊಂಡು ಮೊದಲನೇ ಮಹಡಿಯ ಫೋಟೋ ಸ್ಟುಡಿಯೋಗೆ ನುಗ್ಗಿ, ಅಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂರುತ್ತಾರೆ. ಎಷ್ಟು ಸಲ ಹೇಳಿದರೂ ಅಷ್ಟೇ. ನೆಲ ಲೆಕ್ಕಕ್ಕಿಲ್ಲ. ಅದರ ಮೇಲಿನದು ಒಂದು, ಅದರ ಮೇಲಿನದು ಎರಡು. ಇಷ್ಟು ಸುಲಭದ ವಿಷಯ ಓದಿದವರಿಗೂ ತಲೆಗೆ ಹೋಗುವುದಿಲ್ಲ.

ಇದನ್ನೆಲ್ಲ ಬರೆಯಲು ಕೂತವನಲ್ಲ. ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಮಹಡಿಯ ವಿಮಾ ಕಚೇರಿಯ ಮ್ಯಾನೇಜರ್ ಮೊನ್ನೆ ಲಿಫ್ಟಿನಲ್ಲಿ ತಾವಾಗಿಯೇ ಮಾತು ತೆಗೆದರು. "ನಿಮ್ಮ ಮಗಳು ಇನ್ನೂ ಆ ಕಾಡಲ್ಲೇ ಗಾರ್ಡ್ ಆಗಿದಾಳೇನ್ರೀ? ನಮ್ಮಲ್ಲಿ ಒಂದು ಸೀಟು ಖಾಲಿ ಆಗ್ತಾ ಇದೆ. ಸೆಪ್ಟೆಂಬರ್ ಕೊನೇವರೆಗೂ ಯಾರಿಗೂ ಕೊಡಲ್ಲ. ನಿಮ್ಮ ಮುಖ ನೋಡ್ಕೊಂಡು ಹೇಳ್ತಿದೀನಿ" ಎಂದರು. ಇಂಥ ಮಾತು ಕೇಳಿದ ಖುಷಿಯಲ್ಲಿ ನಾಲ್ಕರಲ್ಲಿ ನಿಲ್ಲಿಸುವುದನ್ನೇ ಮರೆತು ಅವರನ್ನು ಆರನೇ ಮಹಡಿಗೆ ಕರೆದುಕೊಂಡು ಹೋಗಿಬಿಟ್ಟೆ.

ಕಿಟಕಿ ಪಕ್ಕದ ಕುರ್ಚಿ. ತಲೆಯ ಮೇಲೆ ಫ್ಯಾನು. ಬೆಳಿಗ್ಗೆ ನಾನೇ ಮೇಲೆ ಬಿಡುತ್ತೇನೆ, ಸಂಜೆ ನಾನೇ ಕೆಳಗೆ ತರುತ್ತೇನೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನೀನು ಹತ್ತಿರ ಹೋಗಿ ನೋಡಿದ್ದೂ ಆಯಿತು. ಇನ್ನು ಇಳಿ.

ಇಂತಿ,
ನಿನ್ನ ಒಳ್ಳೆಯದನ್ನೇ ಬಯಸುವ ಅಪ್ಪ

ಅಪ್ಪ ಲಕೋಟೆ ಅಂಟಿಸೋ ಮುಂಚೆ ಓದಿದೆ. ಕುರ್ಚಿ ಕಿಟಕಿ ಪಕ್ಕ ಅಲ್ಲ, ಕಕ್ಕಸಿನ ಪಕ್ಕ. ನಾನೇ ಹೋಗಿ ನೋಡ್ಕೊಂಡು ಬಂದೆ. ಉಣ್ಣೆ ಕಾಲುಚೀಲ ಕಳಿಸಿದೀನಿ, ಹಾಕ್ಕೋ. — ಅಮ್ಮ


ಮೇ 19

ಅಪ್ಪಾ,

ನಿನ್ನ ಕಾಗದ ಮುಟ್ಟಿತು. ಹೇಸರಗತ್ತೆಯ ಮೇಲೆ ಅಕ್ಕಿ, ಸೀಮೆಎಣ್ಣೆ, ನಿನ್ನ ಸಿಟ್ಟು ಮೂರೂ ಒಟ್ಟಿಗೆ ಬಂದವು. ತಂದವನನ್ನು ಇಲ್ಲಿ ಎಲ್ಲರೂ ಅವಸರಣ್ಣ ಎಂದು ಕರೆಯುತ್ತಾರೆ, ಅವನಿಗೆ ಹುಟ್ಟಿದಾಗಿನಿಂದ ಅವಸರವೇ ಇಲ್ಲದ ಕಾರಣ. ಫೋನು ವನ್ಯಧಾಮದ ಗೇಟಿನ ತನಕ ಮಾತ್ರ ಹಿಡಿಯುತ್ತದೆ. ಅದರಿಂದ ಮೇಲೆ ನಮಗೆಲ್ಲ ಅವಸರಣ್ಣನೇ ಗತಿ.

ಇಲ್ಲಿ ನಾನು ಏನು ಮಾಡುತ್ತೇನೆ ಎಂದು ನೀನು ಒಂದು ಸಲವೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆರೆಗಳಿಗೆ ಬರುವ ಬಾತುಗಳನ್ನು ಎಣಿಸುತ್ತೇನೆ. ಕಾಡುಮೇಕೆಗಳು ಯಾವ ಕಡೆ ಇಳಿದವು ಎಂದು ನೋಡುತ್ತೇನೆ. ಚಾರಣಿಗರು ಬಿಸಾಡಿದ ಬಿಸ್ಕತ್ತಿನ ಕಾಗದ ಹೆಕ್ಕುತ್ತೇನೆ. ತಲೆನೋವು ಬಂದರೂ ಒಪ್ಪದ ಮೀಸೆಯವರನ್ನು ತೋಳು ಹಿಡಿದು ಕೆಳಗೆ ಇಳಿಸುತ್ತೇನೆ. ಮೊನ್ನೆ ಒಬ್ಬರು ಏದುಸಿರು ಬಿಡುತ್ತಾ ಹತ್ತಿ ಬಂದು, ಕೆರೆಯನ್ನು ಒಂದು ಕಣ್ಣಿನಲ್ಲಿ ನೋಡಿ, "ಮೇಡಂ, ಇಲ್ಲಿ ಫೋನ್ ಚಾರ್ಜ್ ಮಾಡೋಕೆ ಪ್ಲಗ್ ಎಲ್ಲಿದೆ?" ಎಂದು ಕೇಳಿದರು. ಕರಡಿ ಗುಹೆಯ ಕಡೆ ಕೈ ತೋರಿಸಬೇಕೆಂದು ಬಹಳ ಆಸೆಯಾಯಿತು. ತೋರಿಸಲಿಲ್ಲ. ಸರ್ಕಾರಿ ಕೆಲಸ.

ಕೆರೆಗಳು ಮೂರು. ಒಂದರ ಮೇಲೊಂದು, ಮೆಟ್ಟಿಲಿನ ಹಾಗೆ. ಮೊದಲನೆಯದಕ್ಕೆ ಎಲ್ಲರೂ ಬರುತ್ತಾರೆ. ಎರಡನೆಯದಕ್ಕೆ ಗಟ್ಟಿಗರು ಬರುತ್ತಾರೆ. ಮೂರನೆಯದಕ್ಕೆ ಬಾತುಗಳು ಮತ್ತು ನಾನು.

ನಾನು ಒಂದು ಮಾತು ಹೇಳುತ್ತೇನೆ, ತಮಾಷೆಯಲ್ಲ. ನೀನು ಒಮ್ಮೆ ಇಲ್ಲಿಗೆ ಬಾ. ಕಣ್ಣಾರೆ ನೋಡು. ನೋಡಿದ ಮೇಲೂ 'ಇಳಿ' ಎಂದರೆ ಮರುಮಾತಾಡದೆ ನಿನ್ನ ಹಿಂದೆಯೇ ಇಳಿದು ಬರುತ್ತೇನೆ, ಕಕ್ಕಸಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಈ ಜಾಗ ಬಿಡಲು ನನಗೆ ಎಳ್ಳಷ್ಟೂ ಮನಸ್ಸಿಲ್ಲ ಅಪ್ಪಾ. ನಿನ್ನ ಮಾತು ಮೀರಿ ಇಲ್ಲಿರಲೂ ಮನಸ್ಸಿಲ್ಲ. ಆದರೆ ನೋಡದೆ ಹೇಳಿದ ಮಾತಿಗೆ ಇಳಿಯುವವಳಲ್ಲ.

ನಿನ್ನ ಮಗಳು

ಅಮ್ಮನಿಗೆ: ಕಾಲುಚೀಲದಲ್ಲಿ ಒಂದು ನನಗೆ, ಒಂದು ಅವಸರಣ್ಣನ ಹೇಸರಗತ್ತೆಗೆ ಸರಿಹೋಗುತ್ತದೆ. ಹೆಣೆಯುವಾಗ ಟಿವಿ ನೋಡಬೇಡ.


ಜೂನ್ 6

ಮಗಳೇ,

ಒಪ್ಪಿದೆ. ಆಗಸ್ಟ್ ತಿಂಗಳಲ್ಲಿ ಬರುತ್ತೇನೆ. ನಾನು 'ಇಳಿ' ಎಂದ ಮೇಲೆ ಅಳುವುದು, ಮೂಗು ಕೆಂಪು ಮಾಡಿಕೊಳ್ಳುವುದು ನಡೆಯಕೂಡದು. ಈಗಲೇ ಹೇಳಿದ್ದೇನೆ.

ನನಗೆ ಮೇಲೆ ಹೋಗುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನ ಬೆಟ್ಟದ ಎತ್ತರವನ್ನು ಐದನೇ ಮಹಡಿಯ ವಕೀಲರ ಗುಮಾಸ್ತನಿಗೆ ಕೊಟ್ಟು ಲೆಕ್ಕ ಹಾಕಿಸಿದೆ. ಅಷ್ಟು ಎತ್ತರವನ್ನು ನಾನು ಪ್ರತಿ ವಾರವೂ ಏರಿ ಇಳಿಯುತ್ತೇನೆ. ಒಂದು ದಿನವೂ ತಲೆನೋವು ಬಂದಿಲ್ಲ. ನಿನ್ನ ಮೀಸೆಯವರು ಎಂಥ ಗಂಡಸರೋ ನಾನರಿಯೆ.

ಆದರೂ ಕಾಲಿಗೆ ಅಭ್ಯಾಸವಿರಲಿ ಎಂದು ನಿತ್ಯ ಬೆಳಿಗ್ಗೆ ಲಿಫ್ಟ್ ಶುರು ಮಾಡುವ ಮುಂಚೆ ಮೆಟ್ಟಿಲು ಹತ್ತುತ್ತಿದ್ದೇನೆ. ಮೊದಲ ದಿನವೇ ಎರಡನೇ ಮಹಡಿಯವರೆಗೆ ಸಲೀಸಾಗಿ ಹೋದೆ. ಅಲ್ಲಿ ಹಲ್ಲಿನ ಡಾಕ್ಟರು ಕೂರಿಸಿ ನೀರು ಕೊಟ್ಟರು. ಕೂರಿಸಿದ್ದು ಅವರ ಕುರ್ಚಿಯಲ್ಲೇ ಆದ್ದರಿಂದ, ಬಾಯಿ ತೆರೆದು ಉಸಿರಾಡುತ್ತಿದ್ದೆನಾದ್ದರಿಂದ, ಹಾಗೇ ಒಂದು ಹುಳುಕು ಹಲ್ಲನ್ನೂ ಕಿತ್ತರು. ಒಟ್ಟಿನಲ್ಲಿ ಲಾಭವೇ.

ಇಂತಿ,
ಅಪ್ಪ

ಲಿಫ್ಟಲ್ಲಿ ಹೋಗೋವಾಗ ಸ್ಟೂಲ್ ಮೇಲೆ ಕೂತ್ಕೊಂಡೇ ಹೋಗೋದು ಅಂತ ನಿಮ್ಮಪ್ಪ ಬರೆದಿಲ್ಲ. ಬೆಟ್ಟಕ್ಕೆ ಸ್ಟೂಲ್ ತಗೊಂಡು ಹೋಗ್ಬಹುದಾ ಅಂತ ನಿನ್ನೆ ನನ್ನ ಕೇಳಿದ್ರು. ನಗಬೇಡ, ನಿಜವಾಗ್ಲೂ ಕೇಳಿದ್ರು. — ಅಮ್ಮ


ಜೂನ್ 30

ಅಪ್ಪಾ,

ಸ್ಟೂಲ್ ಬೇಡ. ಬಂಡೆಗಳಿವೆ.

ಕೆಳಗಿನದನ್ನು ಗಮನವಿಟ್ಟು ಓದು. ಅಮ್ಮನ ಮುಂದೆ ಗಟ್ಟಿಯಾಗಿ ಓದು, ಅವಳಾದರೂ ನೆನಪಿಟ್ಟುಕೊಳ್ಳುತ್ತಾಳೆ. ಇಲ್ಲಿ ಗಾಳಿ ತೆಳು. ಲಿಫ್ಟಿನ ಎತ್ತರ ಬೇರೆ, ಇದು ಬೇರೆ. ಬೇಗ ಹತ್ತಿದವರಿಗೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಆಮೇಲೂ ಹಟ ಹಿಡಿದು ಹತ್ತಿದರೆ ಪ್ರಾಣಕ್ಕೇ ಬರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಕಟ್ಟಿದವನು ಈ ದಾರಿಯಲ್ಲಿ ಓಡಾಡಿದ್ದಿರಬೇಕು. ಅವಸರಣ್ಣನ ಜೊತೆ ಬಾ, ಅವನಷ್ಟೇ ನಿಧಾನವಾಗಿ ಬಾ. ದಾರಿಯ ಎರಡೂ ತಂಗುಮನೆಗಳಲ್ಲಿ ಅವನು ನಿಲ್ಲು ಎಂದಷ್ಟು ದಿನ ನಿಲ್ಲು. ನೀರು ಕುಡಿಯುತ್ತಲೇ ಇರು.

ನೀನು ಬರುವ ಹೊತ್ತಿಗೆ ನಮ್ಮ ಹಕ್ಕಿ ಎಣಿಕೆ ನಡೆಯುತ್ತಿರುತ್ತದೆ. ನಾನು ಬೆಟ್ಟದ ಸಾಲಿನ ಆಚೆ ಬದಿಯಲ್ಲಿರುತ್ತೇನೆ. ಬಿಟ್ಟು ಬರುವಂತಿಲ್ಲ. ಅವಸರಣ್ಣ ನಿನ್ನನ್ನು ಕೆಳಗಿನ ಕೆರೆಯವರೆಗೆ ತಂದು ಬಿಡುತ್ತಾನೆ. ಅದರಾಚೆ ಹೇಸರಗತ್ತೆಗಳನ್ನು ಬಿಡುವುದಿಲ್ಲ. ಅಲ್ಲಿ ರಾತ್ರಿ ಮಲಗಿ, ಮರುದಿನ ಚಾರಣಿಗರ ಜೊತೆ ಮೆಲ್ಲಗೆ ಮೇಲೆ ಬಾ. ದಾರಿ ತಪ್ಪುವ ಹಾಗೇ ಇಲ್ಲ, ಉದ್ದಕ್ಕೂ ಕಲ್ಲಿನ ಗುಪ್ಪೆಗಳಿವೆ. ಎರಡನೇ ಕೆರೆಯ ಹತ್ತಿರ ಕಾದಿರು. ದಂಡೆಯಲ್ಲಿ ಒಂದು ಕಲ್ಲಿನ ಗುಡಿಸಲು ಇದೆ. ಯಾವ ದಿನ ಎಂದು ಅವಸರಣ್ಣ ಮುಂಚೆಯೇ ನನಗೆ ಹೇಳಿ ಕಳಿಸುತ್ತಾನೆ, ಮಧ್ಯಾಹ್ನಕ್ಕೆ ಸರಿಯಾಗಿ ಆಚೆಯಿಂದ ಇಳಿದು ಬಂದು ಅಲ್ಲಿ ನಿನ್ನನ್ನು ಸೇರಿಕೊಳ್ಳುತ್ತೇನೆ.

ಇನ್ನೊಂದು ಮಾತು. ನಡೆಯುವಾಗ ಸದ್ದು ಮಾಡುತ್ತಾ ಬಾ. ಕರಡಿಗಳಿಗೆ ನಮ್ಮನ್ನು ಕಂಡರೆ ಇಷ್ಟವಿಲ್ಲ. ಸದ್ದು ಕೇಳಿದರೆ ತಾವೇ ದೂರ ಹೋಗುತ್ತವೆ. ಸುಮ್ಮನೆ ಹೋಗಿ ಎದುರಾದರೆ ಮಾತ್ರ ತೊಂದರೆ.

ನಿನ್ನ ಮಗಳು


ಜುಲೈ 21

ಮಗಳೇ,

ಹಳೇ ಲಿಫ್ಟನ್ನು ಕಿತ್ತರು. ಮೂವರು ಬಂದು ಮೊದಲು ಕನ್ನಡಿ ತೆಗೆದರು, ಆಮೇಲೆ ಮರದ ಬಾಗಿಲು, ಆಮೇಲೆ ಉಳಿದದ್ದು. ನಾನು ಎದುರಿಗೇ ನಿಂತಿದ್ದೆ. ಕೊನೆಗೆ ಒಂದು ಉದ್ದನೆಯ ಕತ್ತಲ ಬಾವಿ ಉಳಿಯಿತು. ಇಷ್ಟು ವರ್ಷ ನಾನು ಕೂತಿದ್ದು ಇದರ ಮೇಲೆಯೇ ಎಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿದೆ. ಐದನೇ ಮಹಡಿಯ ವಕೀಲರು ಸಿಟ್ಟು ಮರೆತು ನನ್ನ ಹೆಗಲ ಮೇಲೆ ಕೈ ಇಟ್ಟರು. ಬೇಸರವಾಯಿತು, ಸುಳ್ಳೇಕೆ ಹೇಳಲಿ.

ಮಹಡಿ ಮುಟ್ಟಿದಾಗ ಹೊಡೆಯುವ ಹಿತ್ತಾಳೆ ಗಂಟೆ ಇತ್ತಲ್ಲ, ಅದನ್ನು ಗುಜರಿಯವನ ಚೀಲಕ್ಕೆ ಹಾಕುವಷ್ಟರಲ್ಲಿ ನಾನು ಕೇಳಿ ಇಸಿದುಕೊಂಡೆ. ಮನೆಗೆ ತಂದಾಗ ನಿಮ್ಮಮ್ಮ ನಿನ್ನ ಕಾಗದದ ಕರಡಿಯ ಸಾಲು ನೆನಪು ಮಾಡಿಕೊಂಡು, ಅದಕ್ಕೊಂದು ದಾರ ಪೋಣಿಸಿ ನನ್ನ ಚೀಲಕ್ಕೆ ಕಟ್ಟಿದ್ದಾಳೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಲೋಕ ಕೇಳುತ್ತದೆ. ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಇಲ್ಲ, ನನಗೇ ಕಟ್ಟಿಯಾಯಿತು.

ಹೊಸ ಲಿಫ್ಟ್ ಬರುವ ತನಕ ಎಲ್ಲರೂ ಮೆಟ್ಟಿಲು ಹತ್ತಬೇಕು. ನನ್ನನ್ನು ಮೆಟ್ಟಿಲ ಬುಡದಲ್ಲಿ ಕೂರಿಸಿದ್ದಾರೆ. ನಾಲ್ಕನೇ ಮಹಡಿಯ ಮ್ಯಾನೇಜರ್ ಬಿಸಿಲಿಗೆ ಬಿಟ್ಟ ಬೆಣ್ಣೆಯ ಹಾಗೆ ಆಗಿ ಹೋಗಿದ್ದಾರೆ. ಆದರೂ ದಿನಾ ನಿಂತು, "ಸೀಟು ಹಾಗೇ ಇದೆ" ಎಂದು ಹೇಳಿಯೇ ಮುಂದೆ ಹತ್ತುತ್ತಾರೆ. ಒಳ್ಳೆಯ ಮನುಷ್ಯ. ನೀನು ನಾಳೆ ಅವರ ಕೈಕೆಳಗೆ ಇರುವವಳು, ಅವರ ಬಗ್ಗೆ ಹಗುರಾಗಿ ಮಾತಾಡಬೇಡ.

ಆಗಸ್ಟ್ ಎರಡನೇ ವಾರ ಹೊರಡುತ್ತೇನೆ. ಬರುವಾಗ ಇಬ್ಬರಿಗೂ ಹಿಂದಿರುಗುವ ಬಸ್ಸಿನ ಟಿಕೆಟ್ ಈಗಲೇ ಮಾಡಿಸಿದ್ದೇನೆ. ಎರಡನೇ ಕೆರೆ, ಕಲ್ಲಿನ ಗುಡಿಸಲು, ಮಧ್ಯಾಹ್ನ. ಎಲ್ಲ ನೆನಪಿದೆ. ಹತ್ತು ಸಲ ಹೇಳಿಸಿಕೊಳ್ಳುವ ಮನುಷ್ಯನಲ್ಲ ನಾನು.

ಇಂತಿ,
ಅಪ್ಪ

ಹೊಸ ಬೂಟು ಹಾಕ್ಕೊಂಡು ಮನೆಯೊಳಗೇ ಓಡಾಡ್ತಾರೆ. ಕೆಳಗಿನ ಮನೆಯವ್ರು ಬಂದು ಮಂಚ ಎಳೀತಿದೀರಾ ಅಂತ ಕೇಳಿದ್ರು. ಜೋಪಾನವಾಗಿ ಕರ್ಕೊಂಡು ಹೋಗಿ ಜೋಪಾನವಾಗಿ ಕಳಿಸು. ಇರೋದು ಒಬ್ರೇ. — ಅಮ್ಮ


ಆಗಸ್ಟ್ 24

ಅಮ್ಮಾ,

ಮೊದಲಿಗೆ, ಅಪ್ಪ ಆರೋಗ್ಯವಾಗಿದ್ದಾನೆ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ಬಿಚ್ಚಿ ಓದುತ್ತಾನೆ ಎಂದು ಗೊತ್ತು. ಓದಲಿ.

ಎಣಿಕೆ ಮುಗಿಸಿ ನಾನು ಹೇಳಿದ ಹೊತ್ತಿಗೇ ಎರಡನೇ ಕೆರೆಗೆ ಇಳಿದೆ. ಗುಡಿಸಲಿನಲ್ಲಿ ಅಪ್ಪ ಇಲ್ಲ. ದಂಡೆಯಲ್ಲಿ ಇಲ್ಲ. ನಿಧಾನವಾಗಿ ಬರುತ್ತಿರಬೇಕು ಎಂದು ಕೂತೆ. ಚಾರಣಿಗರ ಗುಂಪು ಬಂತು, ಅವರ ಜೊತೆಯೂ ಇಲ್ಲ. "ಒಬ್ರು ಹಿರಿಯರು ಇದ್ರಲ್ಲ, ಗಂಟೆ ಕಟ್ಕೊಂಡು? ನಾವು ಏಳೋ ಮುಂಚೇನೇ ಹೊರಟುಹೋದ್ರು. ಆಫೀಸು ತೆರೆಯೋ ಮುಂಚೆ ನಾನು ಬಾಗಿಲಲ್ಲಿ ಇರ್ಬೇಕು ಅಂದ್ರು" ಎಂದರು.

ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು ಎಂದುಕೊಂಡು ಕೆಳಗಿನ ಕೆರೆಗೆ ಓಡಿದೆ. ಅಲ್ಲಿ ಅವಸರಣ್ಣ ಚಹಾ ಕಾಯಿಸುತ್ತಾ ಕೂತಿದ್ದ. "ನಿಮ್ಮಪ್ಪ ಬೆಳಿಗ್ಗೇನೇ ಮೇಲೆ ಹೋದ್ರಲ್ಲಮ್ಮ. ತಾಳಿದವನು ಬಾಳಿಯಾನು ಅಂತ ಹೇಳ್ದೆ, ಕೇಳ್ಲಿಲ್ಲ" ಎಂದ. ಹಾಗೆಂದು ಅವನು ಎದ್ದು ನಿಂತ. ಅವಸರಣ್ಣ ಚಹಾ ಬಿಟ್ಟು ಎದ್ದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಗ ನನಗೆ ನಿಜವಾಗಿಯೂ ಭಯವಾಯಿತು.

ಮತ್ತೆ ಎರಡನೇ ಕೆರೆಗೆ ಬಂದೆ. ಸುತ್ತಲಿನ ಬಂಡೆಗಳ ಸಂದಿಯನ್ನೆಲ್ಲ ನೋಡಿದೆ, ನೀರಿನೊಳಗೂ ನೋಡಿದೆ. ಕೂಗಿ ಕೂಗಿ ಗಂಟಲು ಕಟ್ಟಿತು. ಇನ್ನು ನಮ್ಮ ಅರಣ್ಯ ಠಾಣೆಗೆ ಹೋಗಿ ಜನ ಕರೆಸಬೇಕು ಎಂದುಕೊಳ್ಳುವಾಗ ಮೇಲಿನಿಂದ ಟಣ್ ಎಂದಿತು.

ಅಮ್ಮಾ, ಆ ಸದ್ದು ನನಗೆ ಗೊತ್ತಿಲ್ಲವೇ? ಶಾಲೆ ಬಿಟ್ಟ ಮೇಲೆ ಎಷ್ಟು ಸಂಜೆ ಆ ಲಿಫ್ಟಿನ ಮೂಲೆಯಲ್ಲಿ ಕೂತು ಪಾಠ ಓದಿದ್ದೇನೆ. ಮನುಷ್ಯರು ಕಾಲಿಡದ ಆ ಬೆಟ್ಟದ ಮೇಲೆ ಲಿಫ್ಟ್ ಬಂದು ನಿಂತ ಸದ್ದು! ತಲೆ ಎತ್ತಿ ನೋಡಿದರೆ ಮೂರನೇ ಕೆರೆಯ ಅಂಚಿನಲ್ಲಿ, ಆಕಾಶಕ್ಕೆ ಅಂಟಿಕೊಂಡ ಹಾಗೆ, ಒಂದು ಮಫ್ಲರು.

ಹೇಗೆ ಹತ್ತಿದೆನೋ ಗೊತ್ತಿಲ್ಲ. ಹೋಗಿ ನೋಡಿದರೆ ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದಾನೆ, ಮುಖ ಸುಣ್ಣದ ಹಾಗೆ ಬೆಳ್ಳಗಾಗಿದೆ. ನನ್ನನ್ನು ಕಂಡ ಕೂಡಲೇ ಹೇಳಿದ್ದೇನು ಗೊತ್ತೇ? "ಎಷ್ಟು ಹೊತ್ತೇ ನಿಂದು! ಎರಡನೇ ಕೆರೆ, ಮಧ್ಯಾಹ್ನ ಅಂತ ನೀನೇ ಬರ್ದಿದ್ದೆ ತಾನೇ?"

"ಅಪ್ಪಾ, ಇದು ಮೂರನೇದು!"

"ಯಾವ ಲೆಕ್ಕದಲ್ಲಿ? ಕೆಳಗಿಂದು ನೆಲ. ಅದ್ರ ಮೇಲಿಂದು ಒಂದು. ಇದು ಎರಡು. ನಿಮ್ಮ ಕಲ್ಲಿನ ಗುಡಿಸಲು ನೋಡು, ಬಿದ್ದು ಗುಡ್ಡೆಯಾಗಿದೆ. ಸರ್ಕಾರದ ಕೆಲಸ ಅಂದ್ರೆ ಇಷ್ಟೇ."

ಅವನು ಗುಡಿಸಲು ಎಂದುಕೊಂಡಿದ್ದ ಆ ದಾರಿಗುರುತಿನ ಕಲ್ಲುಗುಪ್ಪೆಯ ಮೇಲೆ ಕೂತು ನಕ್ಕೆ, ಅತ್ತೆ, ಯಾವುದು ಎಷ್ಟು ಎಂದು ಗೊತ್ತಿಲ್ಲ. ತಪ್ಪು ನನ್ನದೇ. ಹೇಳುತ್ತಿರುವುದು ಯಾರಿಗೆ ಎಂದು ಯೋಚಿಸಬೇಕಿತ್ತು. ಗಟ್ಟಿಗಟ್ಟಿ ಹುಡುಗರು ಎರಡನೆಯದರಲ್ಲೇ ಕೈಚೆಲ್ಲಿ ಹಿಂದಿರುಗುತ್ತಾರೆ. ನಮ್ಮಪ್ಪ ಅದನ್ನು ಮೊದಲನೇ ಮಹಡಿ ಎಂದುಕೊಂಡು ದಾಟಿ ಹೋಗಿದ್ದಾನೆ.

ತಲೆ ಸಿಡಿಯುತ್ತಿದೆ ಎಂದ. ಒಂದು ಕ್ಷಣವೂ ನಿಲ್ಲಿಸಿಕೊಳ್ಳದೆ ಇಳಿಸಿಕೊಂಡು ಬಂದೆ. ಠಾಣೆ ಮುಟ್ಟುವಷ್ಟರಲ್ಲಿ ಚೇತರಿಸಿಕೊಂಡು ಅವಸರಣ್ಣನಿಗೆ ಹೇಸರಗತ್ತೆ ಹೇಗೆ ನಡೆಸಬೇಕು ಎಂದು ಹೇಳಿಕೊಡುತ್ತಿದ್ದ.

ಆದರೆ ಅಮ್ಮಾ, ನನಗೆ ಬೇಕಾಗಿದ್ದ ಮಾತನ್ನು ಅವನು ಆಡಲಿಲ್ಲ. ಇಳಿ ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಎರಡು ದಿನ ನನ್ನ ಗುಡಿಸಲಿನಲ್ಲಿ ಸೂಪು ಕುಡಿದ, ಒಲೆಗೆ ಸೌದೆ ಹಾಕಿದ, ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಹೊರಡುವಾಗ ಬಸ್ಸಿನ ಟಿಕೆಟ್ ಎರಡನ್ನೂ ಜೇಬಿನಿಂದ ತೆಗೆದು ನೋಡಿ ಮತ್ತೆ ಒಳಗಿಟ್ಟುಕೊಂಡ. ನನ್ನ ಪೆಟ್ಟಿಗೆ ಕಟ್ಟಲೋ ಬೇಡವೋ ನನಗೆ ತಿಳಿಯುತ್ತಿಲ್ಲ. ನೀನಾದರೂ ಕೇಳು.

ನಿನ್ನ ಮಗಳು

ಈ ಕಾಗದವನ್ನು ಬಸ್ಸಿನಲ್ಲಿ ಓದಿದೆ. ವಾಂತಿಯ ವಿಷಯ ಅವಳು ಬರೆದಿಲ್ಲ, ಆದರೂ ನೀನು ಕೇಳುತ್ತೀಯ. ಒಂದೇ ಸಲ. ಮುಖ ಬೆಳ್ಳಗಾಗಿದ್ದು ಬಿಸಿಲಿಗೆ ಹಚ್ಚಿಕೊಂಡ ಮುಲಾಮಿನಿಂದ. ಕೊನೆಯ ವಿಷಯಕ್ಕೆ ನಾನೇ ಅವಳಿಗೆ ಬೇರೆ ಬರೆಯುತ್ತೇನೆ, ನೀನು ಕೇಳಬೇಡ. — ಅವಳ ಅಪ್ಪ


ಸೆಪ್ಟೆಂಬರ್ 9

ಅಪ್ಪಾ,

ಅವಸರಣ್ಣ ಬಂದ. ಅಕ್ಕಿ ತಂದ. ಅಮ್ಮನ ಸ್ವೆಟರ್ ತಂದ, ಅದರಲ್ಲಿ ಮೂರು ತೋಳಿನಷ್ಟು ಉಣ್ಣೆ ಇದೆ. ನಿನ್ನ ಕಾಗದ ಇಲ್ಲ.

ಇಲ್ಲಿ ಹುಲ್ಲು ಹಳದಿಯಾಗಿದೆ. ಬಾತುಗಳು ಹೊರಡುವ ತಯಾರಿಯಲ್ಲಿವೆ. ಹಿಮ ಬೀಳುವ ಮುಂಚೆ ಅವಸರಣ್ಣ ಇನ್ನೊಂದೇ ಸಲ ಬರುವುದು. ಮಾತು ಕೊಟ್ಟವಳು ನಾನು, ತಪ್ಪುವುದಿಲ್ಲ. ನೀನು ಹೇಳಿದರೆ ಅವನ ಜೊತೆಗೇ ಇಳಿಯುತ್ತೇನೆ, ಮೂಗು ಕೆಂಪು ಮಾಡಿಕೊಳ್ಳುವುದಿಲ್ಲ. ಆದರೆ ಹೇಳು. ಅಡಕತ್ತರಿಯಲ್ಲಿ ಸಿಕ್ಕಿಸಿ ಕೂರಿಸಬೇಡ.

ನಿನ್ನ ಮಗಳು


ಸೆಪ್ಟೆಂಬರ್ 20

ಮಗಳೇ,

ಹೊಸ ಲಿಫ್ಟ್ ಬಂತು. ಒಳಗೆ ಒಬ್ಬ ಹೆಂಗಸಿನ ದನಿ ಕೂರಿಸಿದ್ದಾರೆ. ಪ್ರತಿ ಮಹಡಿಯಲ್ಲೂ ಅವಳೇ ಹೇಳುತ್ತಾಳೆ. ನಾನಾದರೆ "ಎರಡು, ಹಲ್ಲಿನ ಡಾಕ್ಟರು" ಎನ್ನುತ್ತಿದ್ದೆ. ಅವಳು ಬರೀ "ಎರಡನೇ ಮಹಡಿ" ಎಂದು ಸುಮ್ಮನಾಗುತ್ತಾಳೆ. ಹಲ್ಲುನೋವಿನವರಿಗೆ ಅಷ್ಟು ಸಾಕೇ? ಮೊದಲ ದಿನ ಅವಳ ಜೊತೆ ವಾದ ಮಾಡಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ನನ್ನ ಸ್ಟೂಲನ್ನು ಬಾಗಿಲ ಹೊರಗೆ ಹಾಕಿದ್ದಾರೆ. ಯಾರು ಎಲ್ಲಿಗೆ ಹೋಗಬೇಕು ಎಂದು ಕೇಳಿ, ಯಾವ ಬಟನ್ ಎಂದು ಹೇಳಿಕೊಡುವುದು ಈಗ ನನ್ನ ಕೆಲಸ.

ಈ ಕಾಗದ ತಡವಾದದ್ದಕ್ಕೆ ಬೈಯಬೇಡ. ಬರೆದು ಬರೆದು ಹರಿದೆ. ಬಾಯಲ್ಲಿ ಹೇಳಬೇಕಾದದ್ದನ್ನು ಅಲ್ಲೇ ಹೇಳದೆ ಬಂದೆನಲ್ಲ, ಕಾಗದದ ಮೇಲೆ ಅದು ಸುಲಭವಾಗಿ ಬರುತ್ತಿಲ್ಲ.

ಆ ದಿನ ನಾನು ಕೆರೆಯ ದಂಡೆಗೆ ಬಂದಾಗ ಇನ್ನೂ ಎಳೆ ಬಿಸಿಲು. ಗಂಟೆ ಹೊಡೆಯಬೇಕೆನಿಸಿದರೂ ಹೊಡೆಯಲಿಲ್ಲ, ಅಷ್ಟು ನಿಶ್ಶಬ್ದ. ಎಲ್ಲಿಗೆ ಹೋಗಬೇಕು ಎಂದು ಕೇಳುವವರು ಇಲ್ಲ, ಹೇಳುವವರು ಇಲ್ಲ. ನೀರು ಒಮ್ಮೆ ಹಸಿರು, ಮೋಡ ಸರಿದರೆ ನೀಲಿ. ನಿನ್ನ ಬಾತುಗಳು ಹತ್ತಿರ ಬಂದು ನನ್ನ ಬೂಟು ನೋಡಿಕೊಂಡು ಹೋದವು. ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆಲ್ಲ ಮನಸ್ಸು ಕರಗಿಸಿಕೊಳ್ಳುವ ಆಸಾಮಿ ನಾನಲ್ಲ. ನೀನು ಬಂದ ಕೂಡಲೇ 'ಇಳಿ' ಎನ್ನಬೇಕೆಂದು ಗಟ್ಟಿ ಮಾಡಿಕೊಂಡೇ ಕೂತಿದ್ದೆ.

ಮಧ್ಯಾಹ್ನ ದಾಟಿತು. ತಲೆ ನೋಯುತ್ತಿತ್ತು. ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದೆ. ನಾನು ಒಂದು ಎಂದು ಎಣಿಸಿದ ಕೆರೆಯ ಸುತ್ತ ಯಾರೋ ಒಬ್ಬಳು ಓಡಾಡುತ್ತಿದ್ದಳು. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ, ಗಾಳಿ ಕೆಳಮುಖ ಬೀಸುತ್ತಿದ್ದರಿಂದ ದನಿಯೂ ಮುಟ್ಟುವುದಿಲ್ಲ, ನಡಿಗೆ ಮಾತ್ರ ಕಾಣುತ್ತದೆ. ಆ ಬಂಡೆಗಳ ಮೇಲೆ ನಾನು ಬೆಳಿಗ್ಗೆ ಕೈಕಾಲು ನಾಲ್ಕೂ ಊರಿ ಬಂದಿದ್ದೆ. ಅವಳು ಕಾಲಿಡುವ ಮುಂಚೆ ಕೆಳಗೆ ನೋಡುತ್ತಲೇ ಇರಲಿಲ್ಲ. ಕರೆಂಟು ಹೋದಾಗ ನಿಮ್ಮಮ್ಮ ಅಡುಗೆಮನೆಯಲ್ಲಿ ಓಡಾಡುವುದಿಲ್ಲವೇ, ಹಾಗೆ. ಯಾವ ಕಲ್ಲು ಎಲ್ಲಿದೆ ಎಂದು ಕಾಲಿಗೇ ಗೊತ್ತು. ತಲೆನೋವು ಮರೆತು ನೋಡುತ್ತಾ ಕೂತೆ. ಯಾರ ಮನೆಯ ಹುಡುಗಿಯೋ, ಇಲ್ಲೇ ಹುಟ್ಟಿ ಬೆಳೆದವಳಿರಬೇಕು ಎಂದುಕೊಂಡೆ. ಇವಳ ಅಪ್ಪ ಪುಣ್ಯವಂತ ಎಂದೂ ಅಂದುಕೊಂಡೆ.

ಅವಳನ್ನು ಕೇಳಿದರೆ ನೀನೆಲ್ಲಿ ಎಂದು ತಿಳಿಯಬಹುದು ಎಂದು ಗಂಟೆ ಹೊಡೆದೆ. ಅವಳು ತಲೆ ಎತ್ತಿದಳು. ನೀನು.

ನೀನು ಹತ್ತಿ ಬರುವಷ್ಟು ಹೊತ್ತೂ ಅಳು ತಡೆದುಕೊಂಡು ಕೂತಿದ್ದೆ. ಅದಕ್ಕೇ ಬಂದ ಕೂಡಲೇ ಜಗಳ ತೆಗೆದದ್ದು. ನೀನು ನನ್ನ ನಾಡಿ ಹಿಡಿದೆ, ಕಣ್ಣಿನ ರೆಪ್ಪೆ ಎತ್ತಿ ನೋಡಿದೆ, ಹೆಸರೇನು ವಾರ ಯಾವುದು ಎಂದು ಕೇಳಿದೆ. ಆಮೇಲೆ, "ಅಪ್ಪಾ, ಮಾತು ಬೇಡ, ಈಗಲೇ ಇಳಿ" ಎಂದೆ. ನಾನು ಹೇಳಬೇಕೆಂದು ಅಷ್ಟು ದೂರ ಹೊತ್ತು ತಂದಿದ್ದ ಮಾತನ್ನು ನೀನೇ ಆಡಿಬಿಟ್ಟೆ. ನಾನು ಮರುಮಾತಾಡದೆ ನಿನ್ನ ಹಿಂದೆ ಇಳಿದೆ.

ನಿನ್ನೆ ನಾಲ್ಕನೇ ಮಹಡಿಯ ಮ್ಯಾನೇಜರ್ ಕೇಳಿದರು, "ಏನ್ರೀ, ಮಗಳು ಯಾವತ್ತಿಂದ ಬರ್ತಾಳೆ?" "ಅವಳು ಇಳಿಯೋ ಮಹಡಿ ಇದಲ್ಲ ಸಾರ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಐದನೇ ಮಹಡಿಯ ವಕೀಲರ ಗುಮಾಸ್ತನಿಗೆ ಆ ಸೀಟು ಕೊಡಿ ಎಂದೆ. ಅವನು ಬೆಟ್ಟದ ಲೆಕ್ಕವನ್ನು ತಪ್ಪು ಹಾಕಿಕೊಟ್ಟಿದ್ದ, ಆದರೂ ಒಳ್ಳೆಯ ಹುಡುಗ.

ಇಷ್ಟು ವರ್ಷ ಲಿಫ್ಟಿನಲ್ಲಿ ಯಾರನ್ನೂ ಆ ಮಹಡಿಗೆ ಯಾಕೆ ಹೋಗುತ್ತೀರಿ ಎಂದು ಕೇಳಿದವನಲ್ಲ ನಾನು. ಕರೆದುಕೊಂಡು ಹೋಗಿ ಬಾಗಿಲು ತೆರೆಯುತ್ತಿದ್ದೆ, ಅಷ್ಟೇ. ನಿನ್ನನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡುವ ಆಸೆ ಇತ್ತು. ಈಗಲೂ ಇದೆ. ನಿನ್ನ ಹೆಸರಿನ ಬಸ್ಸಿನ ಟಿಕೆಟ್ಟಿಗೆ ದುಡ್ಡು ವಾಪಸ್ ಕೊಡುವುದಿಲ್ಲವಂತೆ. ಹೋಗಲಿ ಬಿಡು.

ಚಳಿಗಾಲ ಜೋಪಾನ.

ಇಂತಿ,
ಎರಡನೇ ಕೆರೆಯನ್ನು ಕಂಡು ಬಂದ ನಿನ್ನ ಅಪ್ಪ

ಮೂರನೇದು ಅಂತ ಎಷ್ಟು ಹೇಳಿದ್ರೂ ಒಪ್ಪಲ್ಲ. ಬರೋ ವರ್ಷ ನಾನೂ ಬರ್ತೀನಿ. ನಾನು ನೆಲದಿಂದಾನೇ ಎಣಿಸೋಳು, ಹೇಳಿದ ಕೆರೆ ಹತ್ರಾನೇ ಕೂತಿರ್ತೀನಿ, ಮೇಲೆ ಹುಡುಕ್ಬೇಡ. ಗಂಟೆನ ಅಡುಗೆಮನೆ ಬಾಗಿಲಿಗೆ ನೇತು ಹಾಕಿದಾರೆ. ನಿನ್ನ ಕಾಗದ ಬಂದ ದಿನ ಹೊಡೀತಾರೆ. ಕೆಳಗಿನ ಮನೆಯವ್ರು ಬೈತಾರೆ. ಬೈಯಲಿ, ನೀನು ಬರೀತಾನೇ ಇರು. — ಅಮ್ಮ